ಅಮರಮ್ಮ ಕರೆಯುವ ಡಿಸ್ಕು

ಡಿಸ್ಕು ಯಾವ ಕಾರಣಕ್ಕೂ ನಿಲ್ಲಬಾರದು ಎಂದು ನಯೀಮನಿಗೆ ಹೇಳಿದ್ದೇ ಗದ್ದೆಪ್ಪ ಮಾಡಿದ ತಪ್ಪು.

ಹೆಂಡತಿ ಅಮರಮ್ಮ ದೇವದುರ್ಗಕ್ಕೆ ಹೋಗಿ ಎರಡು ತಿಂಗಳ ಮೇಲಾಗಿತ್ತು. ಮಗಳು ದಾನೇಶ್ವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಬಾಣಂತಿ ತವರಿಗೆ ಬರುವ ಬದಲು ತವರೇ ಗಂಟು ಕಟ್ಟಿಕೊಂಡು ಬಾಣಂತಿಯ ಹತ್ತಿರ ಹೋಗಿತ್ತು. ಬೀಗರ ಮನೆಯಲ್ಲಿ ದಿನಗಟ್ಟಲೆ ಕೂತು ಉಣ್ಣಲು ಗದ್ದೆಪ್ಪನಿಗೆ ಸಂಕೋಚ. ಕೋರ್ಟಿನಲ್ಲಿ ಅಟೆಂಡರಾಗಿ ರಿಟೈರ್ ಆದವನು ರಾಯಚೂರಿನ ಮನೆಯಲ್ಲಿ ಒಬ್ಬನೇ ಉಳಿದ. ವಿಡಿಯೊ ಕಾಲ್ ಮಾಡಿದರೆ ಅಮರಮ್ಮ ಫೋನನ್ನು ಮೊಮ್ಮಗಳ ಕಡೆ ತಿರುಗಿಸಿಬಿಡುತ್ತಿದ್ದಳು. ಕೂಸಿನ ಮೂಗು ಚೆಂದವೇ. ಆದರೆ ಅವನಿಗೆ ನೋಡಬೇಕಾಗಿದ್ದು ಬೇರೆ ಮೂಗು.

ಆ ಮೂಗು ಮಗಳ ಮದುವೆಯ ವಿಡಿಯೊದಲ್ಲಿತ್ತು. ಬೀಗರನ್ನು ಊಟಕ್ಕೆ ಎಬ್ಬಿಸುವುದು ಹೆಣ್ಣಿನ ತಾಯಿಯ ಕೆಲಸ. ಹಸಿರು ಸೀರೆಯ ಅಮರಮ್ಮ ಸೆರಗು ಸಿಕ್ಕಿಸಿಕೊಂಡು, ಕ್ಯಾಮೆರಾದ ಕಡೆ ಕೈ ಬೀಸಿ, "ಬರ್ರಿ, ಲಗೂನ ಬರ್ರಿ. ಎಷ್ಟೊತ್ತು ಕಾಯ್ಲಿ ನಾನು?" ಎಂದು ನಗುತ್ತಾಳೆ. ಅಷ್ಟೇ. ಆಮೇಲೆ ಬರೀ ಫೋಟೊ, ಉಡುಗೊರೆ, ಬೀಗರ ಮೋರೆ.

ಮದುವೆಯ ವಿಡಿಯೊ ತೆಗೆದಿದ್ದ ನಯೀಮ್ ಮೊದಲು ಆ ತುಣುಕನ್ನೇ ಸಾಲಾಗಿ ಅಂಟಿಸಿ ಒಂದು ಡಿಸ್ಕು ಮಾಡಿಕೊಟ್ಟ. ಅದು ಮುಗಿದೊಡನೆ 'ಪ್ಲೇ' ಎಂದು ಬರೆದ ಗುಲಾಬಿ ಹೂವಿನ ಚಿತ್ರ ಬಂದು ನಿಲ್ಲುತ್ತಿತ್ತು. ಗದ್ದೆಪ್ಪ ಉಣ್ಣುವ ಕೈಯಲ್ಲೇ ಒತ್ತಿ ಒತ್ತಿ ರಿಮೋಟಿನೊಳಗೆ ಪುಂಡಿಪಲ್ಲೆ ಸೇರಿ ಅದು ಕೆಟ್ಟುಹೋಯಿತು. ನಿಲ್ಲದೇ ಇರೋದು ಮಾಡಿಕೊಡು ಎಂದು ಅವನು ಮತ್ತೆ ನಯೀಮನ ಹತ್ತಿರ ಹೋದ.

"ಮೆನು ಕಿತ್ತು ಒಗದೀನಿ ಕಾಕಾ," ಎಂದು ನಯೀಮ್ ಹೊಸ ಡಿಸ್ಕು ಕೈಗಿಟ್ಟ. "ಮುಗದ ಕೂಡ್ಲೆ ತಿರುಗಿ ಮೊದಲಿಗೆ ಹೋಗು ಅಂತ ಡಿಸ್ಕಿಗೇ ಹೇಳೀನಿ. ಕರೆಂಟ್ ಇರೋತನಕ ಕಾಕಿ ಕರಕೊಂತನ ಇರ್ತಾರ."

ಮಾತು ನಿಜವಾಯಿತು. ಅವಳು ಕರೆಯುತ್ತಿದ್ದಳು, ಗದ್ದೆಪ್ಪ "ಬಂದೆ, ಬಂದೆ" ಎನ್ನುತ್ತ ರೊಟ್ಟಿ ಮುರಿಯುತ್ತಿದ್ದ. ಅಕ್ಕಪಕ್ಕದವರಿಗೆ ಕೇಳಬಾರದೆಂದು ದನಿ ಸಣ್ಣಗೆ ಇಡುತ್ತಿದ್ದ.

ಭಾನುವಾರ ಮಾನ್ವಿಯಲ್ಲಿ ಗೆಳೆಯನ ಗೃಹಪ್ರವೇಶ. ಒಳಗೆ ತಲೆ ಬಾಚುವಾಗಲೂ ಕೇಳಲಿ ಎಂದು ದನಿ ಏರಿಸಿದ್ದ. ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟಿನ ಜೊತೆ ಹೆಂಡತಿಯೂ ಹೋದಳೆಂದುಕೊಂಡು, ಚಾರ್ಜಿಗಿಟ್ಟ ಮೊಬೈಲನ್ನೂ ಮರೆತು, ಬಾಗಿಲಿಗೆ ಕೀಲಿ ಹಾಕಿ ಬಸ್ಸು ಹತ್ತಿದ. ಬಸ್ಸು ಊರು ದಾಟುವ ಮೊದಲೇ ಕರೆಂಟ್ ಬಂತು. ಕರೆಂಟ್ ಬಂದರೆ ತಾನಾಗಿಯೇ ಶುರುವಾಗುವ ಹಳೆಯ ಟೀವಿ, ಹಳೆಯ ಪ್ಲೇಯರ್ ಅವು.

ಪಕ್ಕದ ಮನೆಯ ಅನ್ನಪೂರ್ಣಮ್ಮ ಬಟ್ಟೆ ಒಣಹಾಕುತ್ತಿದ್ದವಳು ಕಿವಿ ನಿಮಿರಿಸಿದಳು. ಕೀಲಿ ಹಾಕಿದ ಮನೆಯೊಳಗಿಂದ ಅಮರಮ್ಮ "ಲಗೂನ ಬರ್ರಿ, ಎಷ್ಟೊತ್ತು ಕಾಯ್ಲಿ" ಎನ್ನುತ್ತಿದ್ದಾಳೆ. ದೇವದುರ್ಗದಿಂದ ಯಾವಾಗ ಬಂದಳೋ! ಬಾಗಿಲು ಬಡಿದರೂ ಅದೇ ಮಾತು. ಓಣಿಯೆಲ್ಲ ಸೇರಿತು. ಎದುರುಮನೆಯ ಅಮೀರ್ ಸಾಬ್ ಗದ್ದೆಪ್ಪನ ಮೊಬೈಲಿಗೆ ಫೋನ್ ಹಚ್ಚಿದರೆ ಅದೂ ಒಳಗೇ ರಿಂಗಾಯಿತು. ಗಂಡ ಹೆಂಡತಿ ಇಬ್ಬರನ್ನೂ ಯಾರೋ ಕೂಡಿಹಾಕಿದ್ದಾರೆ ಎಂಬಲ್ಲಿಗೆ ಬಂತು ವಿಚಾರ.

ಮಗಳಿಗೆ ತಿಳಿಸೋಣವೆಂದು ಅನ್ನಪೂರ್ಣಮ್ಮ ದೇವದುರ್ಗಕ್ಕೆ ಫೋನ್ ಮಾಡಿದರೆ ಎತ್ತಿದವಳು ಅಮರಮ್ಮ! ಅನ್ನಪೂರ್ಣಮ್ಮ ಫೋನನ್ನು ಬಾಗಿಲ ಸಂದಿಗೆ ಹಿಡಿದಳು. ತನ್ನದೇ ದನಿ ಯಾರಿಗೆ ತಾನೇ ಗುರುತು ಸಿಗುತ್ತದೆ? ತನ್ನ ಮನೆಯಲ್ಲಿ ಯಾವಳೋ ನಗುನಗುತ್ತ ತನ್ನ ಗಂಡನನ್ನು ಕರೆಯುವುದು ಅಮರಮ್ಮನಿಗೆ ಕೇಳಿಸಿತು. "ಯಾವಾಕಿ ಆಕಿ?" ಎಂದಷ್ಟೇ ಕೇಳಿ, ಕೂಸನ್ನು ಬೀಗಿತಿಯ ಮಡಿಲಿಗೆ ಹಾಕಿ, ಫೋನನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಳು.

ಮಾನ್ವಿಯಿಂದ ಹೊಟ್ಟೆ ತುಂಬ ಉಂಡು ಬಂದ ಗದ್ದೆಪ್ಪನಿಗೆ ಕಂಡದ್ದು ಒಡೆದ ಕೀಲಿ, ಕೈಯಲ್ಲಿ ಹಾರೆ ಹಿಡಿದ ಅಮೀರ್ ಸಾಬ್, ಟೀವಿಯ ಮುಂದೆ ಚಕ್ಕಳಮಕ್ಕಳ ಕೂತ ಓಣಿ. ಹೆಂಡತಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದಳು. ತನ್ನ ಜೀವದ ಗುಟ್ಟನ್ನು ಓಣಿಗೆಲ್ಲ ಹಂಚಿದ ಹಾಗಾಗಿ ಅವನಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಅಮರಮ್ಮ ಬಂದಳು. ಎಲ್ಲಿದ್ದಾಳೆ ಆಕೆ ಎಂದು ಕೇಳಿದಳು. ಓಣಿಗೆ ಓಣಿಯೇ ಟೀವಿಯ ಕಡೆ ಕೈ ತೋರಿಸಿ, ಒಬ್ಬೊಬ್ಬರಾಗಿ ಎದ್ದು ಜಾರಿಕೊಂಡಿತು.

ಗದ್ದೆಪ್ಪ ಬೈಗುಳಕ್ಕೆ ತಯಾರಾದ. ಬೈದರೂ ಸಾಕಾಗಿತ್ತು ಅವನಿಗೆ, ಎದುರು ನಿಂತು ಬೈದರೆ. ಅಮರಮ್ಮ ಬೈಯಲಿಲ್ಲ. ಟೀವಿಯ ಮುಂದೆ ಮೆಲ್ಲಗೆ ಕೂತಳು.

"ನಮ್ಮವ್ವ ನೋಡ್ರಿ," ಎಂದಳು.

ಪರದೆಯ ಅಂಚಿನಲ್ಲಿ, ಹಸಿರು ಸೀರೆಯ ಹಿಂದೆ, ಕಂಬಕ್ಕೆ ಒರಗಿ ಕೂತ ಮುದುಕಿಯೊಬ್ಬಳು ಮಗಳ ದನಿಗೆ ತಲೆ ಎತ್ತಿ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಚೀಕಲಪರ್ವಿಯ ಬೂದೆಮ್ಮ. ಮೊಮ್ಮಗಳ ಮದುವೆಯಾದ ವರ್ಷವೇ ತೀರಿಕೊಂಡಿದ್ದಳು. ಆಮೇಲೆ ಅಮರಮ್ಮ ಆ ವಿಡಿಯೊದ ತಂಟೆಗೇ ಹೋಗಿರಲಿಲ್ಲ. ಇಷ್ಟು ದಿನ ನೋಡಿದ ಗದ್ದೆಪ್ಪನಿಗೆ ಅತ್ತೆ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಅವನೇ ಅನ್ನ ಮಾಡಿ ತಟ್ಟೆ ತಂದಿಟ್ಟ. ಅವಳು ಟೀವಿಯಿಂದ ಕಣ್ಣು ತೆಗೆಯದೆ ಉಂಡಳು. ಪಕ್ಕದಲ್ಲಿ ಕೂತ. ಅವಳು ಅವ್ವನನ್ನು ನೋಡುತ್ತಿದ್ದಳು, ಅವನು ಅವಳನ್ನು. ಮಾತು ಆಡಿಸಿದರೆ "ತಡೀರಿ, ಈಗ ನಗ್ತಾಳ" ಎನ್ನುತ್ತಿದ್ದಳು.

ಬೆಳಗಾಗುತ್ತಲೇ ಪ್ಲೇಯರನ್ನು ಸೀರೆಯಲ್ಲಿ ಸುತ್ತಿ, ಡಿಸ್ಕುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು. ಕೂಸಿಗೆ ಮುತ್ತಜ್ಜಿಯನ್ನು ತೋರಿಸಬೇಕಂತೆ. ಡಿಸ್ಕಾದರೂ ಬಿಟ್ಟುಹೋಗು ಎನ್ನಬೇಕೆಂದುಕೊಂಡ, ನೀನೇ ಉಳಿ ಎನ್ನಬೇಕೆಂದುಕೊಂಡ. ಅವಳ ಮುಖದಲ್ಲಿ ಅಷ್ಟು ಖುಷಿ ಕಂಡು ಎರಡೂ ಬಾಯಿಗೆ ಬರಲಿಲ್ಲ. ಪ್ಲೇಯರನ್ನು ತಾನೇ ಹೊತ್ತು ದೇವದುರ್ಗದ ಬಸ್ಸಿನ ಕಿಟಕಿಯಲ್ಲಿ ಅವಳಿಗೆ ಕೊಟ್ಟ.

"ಯಾವಾಗ ಬರ್ತಿ?"

"ಕೂಸು ನಡಿಯೋದು ಕಲೀಲಿ ತಡೀರಿ," ಎಂದಳು ಅಮರಮ್ಮ.

ಕೂಸು ಇನ್ನೂ ಬೋರಲು ಬೀಳುವುದನ್ನೇ ಕಲಿತಿರಲಿಲ್ಲ.