ಡಿಸ್ಕು ನಮ್ಮದು, ಸಿನಿಮಾ ಯಾರದು?

ಅನುಮತಿ ಇಲ್ಲದೆ ಒಂದು ಕೆಲಸ ಮಾಡಿ ಖುಷಿಪಡುವ ಯೋಗ ಬ್ಯಾಂಕಿನ ಆಡಿಟ್ ವಿಭಾಗದವರ ಹಣೆಯಲ್ಲಿ ಬರೆದಿಲ್ಲ. ನಾನಂತೂ ಮನೆಯಲ್ಲಿ ಇನ್ನೊಂದು ಕಪ್ ಚಹಾ ಬೇಕಾದರೂ ಮೇಲಧಿಕಾರಿಯ, ಅಂದರೆ ಹೆಂಡತಿ ಶಶಿಕಲಾಳ, ಒಪ್ಪಿಗೆ ಪಡೆಯುವವನು. ಇಂಥವನಿಗೆ ಕಾಲೇಜು ಓದುವ ಮಗಳು ಸಾನಿಕಾ ಒಂದು ದಿನ, "ಪಪ್ಪಾ, ಟೆನ್ಶನ್ ನಕೋ. ಈ ಡಿಸ್ಕುಗಳ ಸಮಸ್ತ ಸಂಪತ್ತನ್ನು ಮನೆಯ ಸರ್ವರ್‌ಗೆ ಕಾಪಿ ಮಾಡುವೆನು" ಎಂದಾಗ ಎದೆ ಧಸಕ್ಕೆಂದಿತು. ಸರ್ವರ್ ಎಂದರೆ ಸಿನಿಮಾಗಳನ್ನೆಲ್ಲ ನುಂಗಿಕೊಂಡು, ಕೇಳಿದಾಗ ಟಿವಿಗೆ ಬಡಿಸುವ ಪೆಟ್ಟಿಗೆಯಂತೆ.

ಅವಳ ಭಾಷೆ ಹಾಗೇಕೆ ಎನ್ನುತ್ತೀರಾ? ಅದಕ್ಕೆ ಆ ಡಿಸ್ಕುಗಳೇ ಕಾರಣ. ಕಲಬುರಗಿಯಿಂದ ಮಹಾರಾಷ್ಟ್ರದ ಸಂಭಾಜಿನಗರಕ್ಕೆ ವರ್ಗವಾದಾಗ ಚಿಕಲಠಾಣಾದ ಬಾಡಿಗೆ ಮನೆಗೆ ಮೊಟ್ಟೆಗಳಂತೆ ಜೋಪಾನವಾಗಿ ತಂದ ಹಳೆಯ ಕನ್ನಡ ಸಿನಿಮಾಗಳವು, ಎಲ್ಲವೂ ದುಡ್ಡು ಕೊಟ್ಟು ಕೊಂಡವು. ಇಲ್ಲೇ ಬೆಳೆದ ಸಾನಿಕಾ ಕನ್ನಡ ಮಾತಾಡಲು ಕಲಿತದ್ದೇ ಅವುಗಳಿಂದ. ಹಾಗಾಗಿ ಅರ್ಧ ಮರಾಠಿ, ಉಳಿದರ್ಧ ರಾಜದರ್ಬಾರಿನ ಕನ್ನಡ. ಈಗ ಡಿಸ್ಕುಗಳ ಮೇಲೆಲ್ಲ ಗೀರು ಬಿದ್ದು, ರಾಜ ಕತ್ತಿ ಎತ್ತಿದವನು ಎತ್ತಿದಲ್ಲೇ ನಿಲ್ಲುತ್ತಿದ್ದ. ಅವು ಹಾಳಾದರೆ ಮನೆಯ ಕನ್ನಡವೂ ಹೋದಂತೆಯೇ ಎಂದು ನನಗೆ ನಿಜಕ್ಕೂ ಹೆದರಿಕೆ. ಆದರೆ ಕಾನೂನು? ನಾಶಿಕದಲ್ಲಿರುವ ನನ್ನ ತಮ್ಮ ಒಂದು ಕಾಪಿ ಕೇಳಿದ್ದಕ್ಕೆ, ಅವನ ಚಹಾ ಆರಿಹೋಗುವವರೆಗೂ ಫೋನಿನಲ್ಲಿ ಉಪದೇಶ ಮಾಡಿದವನು ನಾನು.

ಪಕ್ಕದ ಮನೆಯ ವಕೀಲರನ್ನು ಕೇಳಿದೆ. "ಡಿಸ್ಕು ನಿಮ್ಮದು ಸಾಹೇಬ್, ಸಿನಿಮಾ ನಿಮ್ಮದಲ್ಲ" ಎಂದು ಮರಾಠಿಯಲ್ಲಿ ನಕ್ಕರು. ಸ್ವಂತ ಬಳಕೆಗೆ ಕಾಪಿ ಮಾಡಬಹುದೆಂದು ವಾದಿಸಬಹುದಂತೆ. ಕಾಪಿ ತಡೆಯಲು ಡಿಸ್ಕಿನೊಳಗೆ ಹಾಕಿದ ಬೀಗ ಒಡೆಯಕೂಡದೆಂದೂ ವಾದಿಸಬಹುದಂತೆ. "ಯಾವ ಕಡೆ ನಿಲ್ಲಲಿ ಹೇಳಿ, ನಾನು ತಯಾರು!" ನಾನು ಮಗಳಿಗೆ ಕೂಡದು ಎಂದೆ. ಅವಳು ಮುಖ ಊದಿಸಿಕೊಂಡು ಹೋದಳು.

ಆಶ್ಚರ್ಯವೆಂದರೆ, ಕೆಲವು ದಿನಗಳಲ್ಲಿ ಡಿಸ್ಕುಗಳು ತಾವಾಗಿಯೇ ಸುಧಾರಿಸಿದವು. ರಿಮೋಟು ನನಗೆ ಒಗ್ಗದ ವಿದ್ಯೆ. ಡಿಸ್ಕನ್ನು ಒರೆಸಿ ಮಗಳ ಕೈಗೆ ಕೊಡುವುದಷ್ಟೇ ನನ್ನ ಕೆಲಸ. ರಾಜ ಕತ್ತಿ ಎತ್ತಿದ, ಬೀಸಿದ, ಶತ್ರು ಬಿದ್ದ! ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ವಕೀಲರನ್ನೇ ಕರೆದು ಕೂರಿಸಿ, "ನೋಡಿ, ಒರಿಜಿನಲ್ ಡಿಸ್ಕಿನ ಗತ್ತೇ ಬೇರೆ" ಎಂದು ಕೊಚ್ಚಿಕೊಂಡೆ.

ಶಿರಾ ತಂದ ಶಶಿಕಲಾ ನಿಂತಲ್ಲೇ ಬಿದ್ದು ಬಿದ್ದು ನಕ್ಕಳು. "ಯಾವ ಡಿಸ್ಕ್ ರೀ? ದೀಪಾವಳಿಗಿ ಮನಿ ಸ್ವಚ್ಛ ಮಾಡೂವಾಗ ಆ ಪ್ಲೇಯರ್ ರದ್ದಿಯವಗ ಕೊಟ್ಟೀನಲ್ರೀ!"

ಟಿವಿಯ ಹಿಂದೆ ಕರಿಯ ಪೆಟ್ಟಿಗೆಯೊಂದು ಹಸಿರು ದೀಪ ಮಿಟುಕಿಸುತ್ತಿತ್ತು. ಅದನ್ನೇ ಪ್ಲೇಯರ್ ಎಂದು ತಿಳಿದು ನಾನು ದಿನಾ ಧೂಳು ಒರೆಸುತ್ತಿದ್ದೆ. ಸಾನಿಕಾ ಕೈಮುಗಿದಳು: "ಮಹಾಪ್ರಭು! ಅರಿಯದೆ ಎಸಗಿದ ಅಪರಾಧವಲ್ಲ, ಅರಿತೇ ಎಸಗಿದೆ. ಮನ್ನಿಸಬೇಕು!"

ಎಂಥ ಕನ್ನಡ! ನನಗೆ ಕಣ್ಣು ತುಂಬಿ ಬಂತು. ಕೆಲಸ ಮುಗಿಸಿಕೊಂಡು ಆಮೇಲೆ ಒಪ್ಪಿಗೆ ಕೇಳುವವರನ್ನು ಆಫೀಸಿನಲ್ಲಿ ಹುರಿದು ಮುಕ್ಕುವ ನಾನು, "ಮಂಜೂರು" ಎಂದುಬಿಟ್ಟೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. "ಆದರೆ ಪೆಟ್ಟಿಗೆ ಕೆಟ್ಟರೆ ಏನು ಗತಿ? ಬ್ಯಾಕಪ್ ಬೇರೆ ಊರಿನ್ಯಾಗ ಇರಬೇಕು, ಅದು ಬ್ಯಾಂಕಿನ ನಿಯಮ. ನಾಶಿಕದ ಕಾಕಾಗೂ ಒಂದು ಕಾಪಿ ಕಳಸು!"

ಶಿರಾದ ಚಮಚ ಬಾಯಿಗೆ ಒಯ್ಯುತ್ತಿದ್ದ ವಕೀಲರ ಕೈ, ನಮ್ಮ ಹಳೆಯ ಡಿಸ್ಕಿನ ರಾಜನ ಕತ್ತಿಯಂತೆ, ಎತ್ತಿದಲ್ಲೇ ನಿಂತಿತು.