ಹುಳುಮನೆಯ ಪೆಟ್ಟಿಗೆ ಬರೆದ ದೂರು

ಗಡಿಯಾರ ನೋಡಿ ಬದುಕುವವರನ್ನು ಮನೆಯವರು ಮೆಚ್ಚುವುದಿಲ್ಲ, ಸಹಿಸುತ್ತಾರೆ. ಇದನ್ನು ನಾನು ತಡವಾಗಿ ಒಪ್ಪಿಕೊಂಡೆ. ಐದಕ್ಕೆ ಏಳುವುದು, ಆರಕ್ಕೆ ಹಿಪ್ಪುನೇರಳೆ ತೋಟ ಸುತ್ತುವುದು, ಬೇಸಿಗೆಯಾದರೆ ಹನ್ನೊಂದಕ್ಕೆ ಸರಿಯಾಗಿ ರೇಷ್ಮೆ ಹುಳುಮನೆಯ ಪಡುವಣ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು. ಮಗಳ ಮದುವೆಯ ದಿನವೂ ಧಾರೆ ಮುಗಿಸಿ ಓಡಿಬಂದು ಕಟ್ಟಿದ್ದೇನೆ. ಬೀಗರು ಇನ್ನೂ ಆ ಮಾತೆತ್ತುತ್ತಾರೆ.

ಹೀಗಿರುವಾಗ ಸೊಸೆ ಶಾರದೆ ಹಿಂದೂಪುರದಿಂದ ಒಂದು ಪೆಟ್ಟಿಗೆ ತರಿಸಿದಳು. ಟಿಫಿನ್ ಕ್ಯಾರಿಯರಿನಷ್ಟು ಗಾತ್ರ. ಹುಳುಮನೆಯಲ್ಲಿ ಮೂರು ಕಡೆ ತೂಗುಹಾಕಿದ ಸೆನ್ಸಾರುಗಳು ಸೆಕೆ, ತೇವ ಅಳೆದು ಅದಕ್ಕೆ ಹೇಳುತ್ತವೆ. ಅದು ಫ್ಯಾನು ಹಾಕುತ್ತದೆ, ಮಂಜಿನಂತೆ ನೀರು ಚಿಮ್ಮಿಸುತ್ತದೆ. ಮೊದಲು ನಮ್ಮಲ್ಲಿದ್ದ ಹಳೆಯ ಯಂತ್ರ ಎಲ್ಲಕ್ಕೂ ದೂರದ ಯಾವುದೋ ಕಂಪ್ಯೂಟರನ್ನು ಕೇಳಬೇಕಿತ್ತು. ನೆಟ್ ಹೋದರೆ ಕೈಕಟ್ಟಿ ಕೂರುತ್ತಿತ್ತು.

"ಇದು ಹಂಗಲ್ಲ ಮಾವ, ಎಡ್ಜ್ ಅಂತಾರೆ. ಇಲ್ಲೇ ಕುಂತು ಇಲ್ಲೇ ತೀರ್ಮಾನ ಮಾಡ್ತದೆ," ಎಂದಳು.

ಮೇಲಿನವರ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ನೌಕರನನ್ನು ನನ್ನ ಇಡೀ ಸರ್ಕಾರಿ ಸೇವೆಯಲ್ಲಿ ಕಂಡಿರಲಿಲ್ಲ. ಸಂತೋಷ ತಡೆಯದೆ ಅದರ ಎದುರೇ ಕುರ್ಚಿ ಹಾಕಿಕೊಂಡೆ. "ನನ್ ಮಖ ಯಾವತ್ತಾದ್ರೂ ಹಿಂಗ್ ನೋಡಿದ್ರಾ?" ಎಂದಳು ನನ್ನವಳು.

ಹುಳು ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನವಿತ್ತು. ಆಗ ಬಿಸಿ ತಾಗಿದರೆ ಇಡೀ ಬೆಳೆ ಹೋದಂತೆ. ಆ ಮಧ್ಯಾಹ್ನವೇ ನೆಟ್ ಹೋಯಿತು, ಸೆಕೆ ಏರಿತು. ಊಟ ಬಿಟ್ಟು ಓಡಿದೆ. ಅವಸರದಲ್ಲೂ ಬಾಗಿಲಲ್ಲಿ ಔಷಧಿ ನೀರಿಗೆ ಕಾಲದ್ದಿಯೇ ಒಳಹೊಕ್ಕೆ, ನಿಯಮ ನಿಯಮವೇ. ಒಳಗೆ ತಣ್ಣನೆಯ ಹನಿ ಮುಖಕ್ಕೆ ಬಡಿಯಿತು. ಫ್ಯಾನುಗಳು ತಿರುಗುತ್ತಿದ್ದವು, ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ನಾನು ಕುಣಿಯುವುದೊಂದು ಬಾಕಿ.

ನೆಟ್ ಬಂದ ಮೇಲೆ ಪೆಟ್ಟಿಗೆ ಫೋನಿಗೆ ಕಳಿಸಿದ ವರದಿ ನೋಡಿ ಶಾರದೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

"ಮಾವ, ಪಡುವಲ ಕಿಟಕಿ ಸೆನ್ಸಾರು ಕೆಟ್ಟೈತೆ ಅಂತ ಬರ್ದೈತೆ. ದಿನಾ ಹನ್ನೊಂದಕ್ಕೇ ಕೆಡ್ತದಂತೆ. ಮಿಕ್ಕೆರಡೂ ಸೆಕೆ ಅಂದ್ರೆ ಇದೊಂದು ತಂಪು ಅಂತದಂತೆ. ಅದ್ಕೇ ಪೆಟ್ಟಿಗೆ ಇದರ ಮಾತು ಕೇಳೋದೇ ಬಿಟ್ಬುಟ್ಟೈತೆ."

ಹೋಗಿ ನೋಡಿದೆ. ಸೆನ್ಸಾರಿನ ಮೇಲೆಯೇ ನನ್ನ ಗೋಣಿತಾಟು ನೀರಿಳಿಸುತ್ತಿತ್ತು. ಪೆಟ್ಟಿಗೆ ಅದನ್ನು ನಂಬಿದ್ದರೆ ಹುಳುಗಳು ಬೆಂದೇಹೋಗುತ್ತಿದ್ದವು.

"ಸರೇ, ಬಿಚ್ಚಿ ಮಾವ," ಎಂದಳು. ಬಿಚ್ಚಿದೆ.

ಅವಮಾನವಾಗಬೇಕಿತ್ತು, ಆಗಲಿಲ್ಲ. ನಾನು ಒಂದು ದಿನವೂ ಒಂದು ನಿಮಿಷವೂ ತಪ್ಪಿಲ್ಲವೆಂದು ಲಿಖಿತವಾಗಿ ಒಪ್ಪಿಕೊಂಡದ್ದು ಇದುವರೆಗೆ ಆ ಪೆಟ್ಟಿಗೆಯೊಂದೇ. ಅದು ಬರೆದ ದೋಷಗಳ ಪಟ್ಟಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದೇನೆ. ಹತ್ತಿರ ಹೋಗಿ ಓದದವರು ಪ್ರಶಸ್ತಿಪತ್ರವೆಂದೇ ತಿಳಿಯುತ್ತಾರೆ.