ಕಿವಿಗುರುತಿಲ್ಲದ ಹಿಮನದಿ

ಕೊಕ್-ಬುಲಾಕ್ ಊರಿನ ಮೇಲಿರುವ ಚೋಂಗ್-ಮುಜ್ ಎಂಬ ಹಿಮನದಿಯು ಏಳು ವರ್ಷಗಳಲ್ಲಿ ನಾನೂರ ಹನ್ನೆರಡು ಮೀಟರ್ ಕರಗಿಹೋಗಿದೆ. ಇದು ನಿಜ. ಆದರೆ ಹಿಮನದಿ ಕರಗಿದ್ದನ್ನು ಬರೆದುಕೊಳ್ಳುವ ನಮೂನೆ ಜಿಲ್ಲಾ ಕಚೇರಿಯಲ್ಲಿ ಇಲ್ಲದ ಕಾರಣ, ಅದು ಅಧಿಕೃತವಾಗಿ ಇನ್ನೂ ಕರಗಿರಲಿಲ್ಲ.

ಅಳೆದವಳು ಕುರಿ ಸಾಕುವ ಬುರ್ಮಕಾನ್. ಪ್ರತಿ ಆಗಸ್ಟಿನಲ್ಲಿ ಬೆಟ್ಟ ಹತ್ತಿ, ಹಿಮದ ಅಂಚಿನ ಬಂಡೆಗೆ ಕೆಂಪು ಗೆರೆ ಎಳೆದು, ಇಸವಿ ಬರೆದು ಇಳಿಯುತ್ತಿದ್ದಳು. ಜುಲೈ ಮುಗಿಯುವಷ್ಟರಲ್ಲಿ ಆ ಹಿಮದ ನೀರನ್ನು ಅವಳ ಆಲೂಗಡ್ಡೆ ಹೊಲಕ್ಕೆ ತರುವ ಕಾಲುವೆ ಒಣಗುತ್ತಿತ್ತು. ಕೆಳಗಿನ ಹೊಳೆಯಿಂದ ಊರಿಗೆ ಕೊಳವೆ ಹಾಕಿಸಿಕೊಡುತ್ತೇವೆ, ಹಿಮನದಿ ಕಡಿಮೆಯಾಗಿದೆಯೆಂದು ಕಡತದಲ್ಲಿ ಬಂದರೆ ಸಾಕು ಎಂದು ಸರ್ಕಾರ ಹೇಳಿತ್ತು. ಹಾಗಾಗಿ ಅವಳು ಏಳು ಬಂಡೆಗಳ ಫೋಟೋ ಹಿಡಿದು ಕಚೇರಿಗೆ ಹೋದಳು.

ಅಲ್ಲಿನ ಅಧಿಕಾರಿ ಎಸೆಂಗುಲ್ ಸಾಹೇಬರು ಫೋಟೋಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಕ್ಕಾ, ಇದರಲ್ಲಿ ಬಂಡೆ ಇದೆ. ಹಿಮ ಎಲ್ಲಿ?"

"ಅದೇ ಸಾಹೇಬ್ರೇ ದೂರು. ಹಿಮ ಇಲ್ಲ ಅಂತ್ಲೇ ಬಂದಿರೋದು."

"ಇಲ್ಲದ್ದರ ಫೋಟೋನ ಸಾಕ್ಷಿ ಅಂತ ಹೆಂಗೆ ತಗೊಳ್ಳಲಿ? ನಮ್ಮನೆ ಹಿತ್ತಲಲ್ಲೂ ಹಿಮನದಿ ಇಲ್ಲ. ಅದ್ರ ಫೋಟೋನೂ ತಂದ್ಕೊಡ್ಲಾ?"

ಕೊನೆಗೆ ಅವರೇ ಕನಿಕರಪಟ್ಟು ಬೀರು ಜಾಲಾಡಿದರು. ಸಿಕ್ಕಿದ್ದು ಒಂದೇ ನಮೂನೆ: 'ಕಳೆದುಹೋದ ಜಾನುವಾರು'. ಅದನ್ನೇ ತುಂಬಲಾಯಿತು. ಬಣ್ಣ: ಬಿಳಿ. ಗಂಡೋ ಹೆಣ್ಣೋ: ಪರಿಶೀಲಿಸಿಲ್ಲ. ಸ್ವಭಾವ: ಸಾಧು, ಯಾರನ್ನೂ ಹಾಯ್ದ ದೂರಿಲ್ಲ.

"ಕಿವಿಗುರುತು?"

"ಹಿಮನದಿಗೆ ಕಿವಿ ಎಲ್ಲಿಂದ ತರ್ಲಿ ಸಾಹೇಬ್ರೇ?"

"ನೋಡಿ, ಇದೇ ನಿಮ್ಮ ತಪ್ಪು. ಕುರಿ ಕಿವಿಗೆ ಕಚ್ಚು ಹಾಕಿ ತಾನೇ ಮೇಯಕ್ಕೆ ಬಿಡ್ತೀರಿ? ಗುರುತಿಲ್ಲದ ಕುರಿ ಸಿಕ್ಕಿದೋರ ಪಾಲು ಅಂತ ಗೊತ್ತಿಲ್ವಾ?"

"ಏಳು ವರ್ಷ ಕೆಂಪು ಬಣ್ಣ ಬಳ್ದಿದೀನಲ್ಲ."

"ಬಳಿದಿದ್ದು ಬಂಡೆಗೆ. ಬಂಡೆ ಅಲ್ಲೇ ಇದೆ. ತಪ್ಪು ಪ್ರಾಣಿಗೆ ಗುರುತು ಹಾಕಿದೀರಿ."

ಕಿವಿಗುರುತು: ಇಲ್ಲ ಎಂದು ಬರೆದು ಮೊಹರು ಒತ್ತಿದರು. ಮರುದಿನ ಸಂತೆಯ ಬಾಗಿಲಲ್ಲಿ ಕಾಗದ ಅಂಟಿತು.

'ಪ್ರಕಟಣೆ. ನಾನೂರ ಹನ್ನೆರಡು ಮೀಟರ್ ಉದ್ದದ ಬಿಳಿ ಹಿಮನದಿಯೊಂದು ದಾರಿ ತಪ್ಪಿದೆ. ಕಂಡವರು ಕಟ್ಟಿಹಾಕಿ ಕಚೇರಿಗೆ ತಿಳಿಸತಕ್ಕದ್ದು. ಬಚ್ಚಿಟ್ಟವರ ಮೇಲೂ, ಹಾಲು ಕರೆದುಕೊಂಡವರ ಮೇಲೂ ಕ್ರಮ ಜರುಗಿಸಲಾಗುವುದು.'

ಪಕ್ಕದ ಕಣಿವೆಯ ಸಾರಿ-ಕಾಮಿಶ್ ಊರಿನ ಕಾಲುವೆಯಲ್ಲಿ ಆಗಸ್ಟಿನವರೆಗೂ ನೀರಿತ್ತು. ಹಾಲು ಕರೆದುಕೊಂಡವರು ಅವರೇ ಎಂದು ಎಲ್ಲರಿಗೂ ಅನುಮಾನ ಬಂತು. ವಿಚಾರಣೆಗೆ ಮೂವರ ಸಮಿತಿ ಬಂದು, ಬುರ್ಮಕಾನಳ ಒಂದು ಕುರಿ ತಿಂದು, ಇನ್ನೂ ಹುಡುಕಬೇಕಾಗಿದೆ ಎಂದು ವರದಿ ಕೊಟ್ಟಿತು.

ಅಕ್ಟೋಬರಿನಲ್ಲಿ ಮೊದಲ ಹಿಮ ಬಿತ್ತು. ಶಿಖರದಿಂದ ಬುರ್ಮಕಾನಳ ಕುರಿದೊಡ್ಡಿಯವರೆಗೆ ಎಲ್ಲ ಬೆಳ್ಳಗಾಯಿತು. ಎಸೆಂಗುಲ್ ಸಾಹೇಬರು ಟೇಪು ಹಿಡಿದು ಓಡಿಬಂದು ಅಳೆದರು. ಕಳೆದದ್ದು ನಾನೂರ ಹನ್ನೆರಡು ಮೀಟರ್, ಸಿಕ್ಕಿದ್ದು ಆರು ಕಿಲೋಮೀಟರ್.

"ಮರಿ ಹಾಕ್ಕೊಂಡು ಬಂದಿದೆ ಅಕ್ಕಾ. ರುಜು ಮಾಡಿ."

"ಇದು ನಿನ್ನೆ ಬಿದ್ದ ಹಿಮ ಸಾಹೇಬ್ರೇ. ಮೂರು ದಿನ ಬಿಸಿಲು ಕಾಯ್ದ್ರೆ ಇರಲ್ಲ."

"ಇದರ ಬಣ್ಣ?"

"ಬಿಳಿ."

"ಕಿವಿಗುರುತು?"

"ಇಲ್ಲ."

"ನಮೂನೇಲಿ ನೀವೇ ಬರೆಸಿರೋದೂ ಅದೇ. ಇನ್ನೇನು ಹೊಂದ್ಬೇಕು?"

"ಮತ್ತೆ ಕೊಳವೆ?"

"ಕುರಿ ಮನೆಗೆ ಬಂದ್ಮೇಲೂ ಪರಿಹಾರ ಕೇಳ್ತಾರಾ ಯಾರಾದ್ರೂ? ನಾಚ್ಕೆ ಆಗಲ್ವಾ?"

ಸಾರಿ-ಕಾಮಿಶ್‌ನ ಹಿರಿಯ ಶಾರ್ಷೆನ್ ಆಗಲೇ ಟೊಪ್ಪಿ ಸರಿಮಾಡಿಕೊಳ್ಳುತ್ತ ಬೇಲಿಯ ಹತ್ತಿರ ನಿಂತಿದ್ದ. "ನಿನಗೆ ಬೇಡ ಅಂದ್ರೆ ಹೇಳಮ್ಮಾ, ನಾವು ಹೊಡ್ಕೊಂಡು ಹೋಗ್ತೀವಿ," ಅಂದ.

ಬುರ್ಮಕಾನ್ ರುಜು ಹಾಕಿದಳು. ಊರವರು ಬಂದು ಶುಭ ಕೋರಿದರು. ಕೊಳವೆಯ ಕಡತ ಮುಚ್ಚಿತು.

ಮುಂದಿನ ಜುಲೈನಲ್ಲಿ ಕಾಲುವೆ ಒಣಗಿದಾಗ ಯಾರೂ ಗಾಬರಿಯಾಗಲಿಲ್ಲ. ಬೇಸಿಗೆಯಲ್ವಾ, ಮೇಯಕ್ಕೆ ಹೋಗಿದೆ ಎಂದರು. ಬುರ್ಮಕಾನ್ ಬಾಡಿದ ಆಲೂಗಡ್ಡೆ ಗಿಡ ಕಿತ್ತು ಬದುವಿಗೆ ಎಸೆಯುತ್ತ, "ಹೋಗ್ಲಿ ಬಿಡಿ, ಹೊಟ್ಟೆ ತುಂಬ ಮೇದ್ಕೊಂಡು ಬರ್ಲಿ," ಎಂದಳು.